ಕಂಬದೊಳಗಿನ ಕಬ್ಬಿಣ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ವಿಗ್ರಹಕ್ಕೆ ಕಲ್ಲು ಆರಿಸುವಾಗ ಶಿಲ್ಪಿಗೆ ಕಣ್ಣಿನಷ್ಟೇ ಕಿವಿಯೂ ಬೇಕು. ಸುತ್ತಿಗೆಯಿಂದ ತಟ್ಟಿದಾಗ ಕಲ್ಲು ಖಣ್ಣೆಂದು ದನಿಗೊಟ್ಟರೆ ಅದು ಒಳಗೂ ಅಖಂಡವಾಗಿದೆ. ಸದ್ದು ಮಂಕಾಗಿ ಅಲ್ಲೇ ಅಡಗಿದರೆ ಒಳಗೆಲ್ಲೋ ಪದರವೋ ಬಿರುಕೋ ಇದೆ. ಗಂಡು ಕಲ್ಲು, ಹೆಣ್ಣು ಕಲ್ಲು, ನಪುಂಸಕ ಕಲ್ಲು ಎಂದು ಶಿಲ್ಪಶಾಸ್ತ್ರ ಮಾಡುವ ವಿಂಗಡಣೆಗೂ ಈ ಸದ್ದೇ ಒಂದು ಆಧಾರ.

ಇದೇ ಪರೀಕ್ಷೆ ಮನೆಯ ಕಾಂಕ್ರೀಟ್ ಪಿಲ್ಲರಿಗೂ ಒಗ್ಗುತ್ತದೆ. ಹಳೆಯ ಕಟ್ಟಡವೊಂದನ್ನು ನೋಡಲು ಬಂದ ಸ್ಟ್ರಕ್ಚರಲ್ ಎಂಜಿನಿಯರ್ ಯಂತ್ರ ತೆಗೆಯುವ ಮೊದಲೇ ಸಣ್ಣ ಸುತ್ತಿಗೆ ಹಿಡಿದು ಕಂಬದ ಬುಡದಿಂದ ತಲೆಯವರೆಗೆ, ನಾಲ್ಕೂ ಮೂಲೆಗಳಲ್ಲಿ ತಟ್ಟುತ್ತಾ ಹೋಗುತ್ತಾರೆ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಅಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ, ಮೇಲಿನ ಕಾಂಕ್ರೀಟ್ ಒಳಗಿನಿಂದ ಬಿಟ್ಟುಕೊಂಡಿದೆ ಎಂದು ಅರ್ಥ. ಹೊರಗೆ ಬಣ್ಣ ಇನ್ನೂ ಚೆನ್ನಾಗಿಯೇ ಇರಬಹುದು. ಪುಟ್ಟ ಪರೀಕ್ಷೆ, ಖರ್ಚಿಲ್ಲ. ಆದರೂ ಪಿಲ್ಲರನ್ನು ತಟ್ಟಿ ನೋಡುವ ರೂಢಿ ನಮ್ಮ ಮನೆಗಳಲ್ಲಿ ಬೆಳೆದಿಲ್ಲ. ಬಿರುಕು ಕಂಡರೆ ಗಾರೆಯವರನ್ನು ಕರೆದು ಮೆತ್ತಿಸುತ್ತೇವೆ. ಈ ಅಧ್ಯಾಯದುದ್ದಕ್ಕೂ ನಾನು ಹೇಳಬೇಕಾದದ್ದು ಇಷ್ಟೇ: ತುಕ್ಕು ಹಿಡಿದ ಕಂಬದ ಮೇಲೆ ಮೆತ್ತುವುದು ದುರಸ್ತಿಯಲ್ಲ, ಅದು ರೋಗವನ್ನು ಬಚ್ಚಿಡುವ ಕೆಲಸ.

ಕಲ್ಲಿನ ಕಂಬಕ್ಕೆ ಈ ರೋಗ ಬರುವುದಿಲ್ಲ. ಕೋಲಾರದ ಸೋಮೇಶ್ವರ ದೇವಾಲಯದ ವಿಜಯನಗರ ಕಾಲದ ಕಂಬಗಳು, ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ ಮತ್ತು ಆವನಿಯ ಕಂಬಗಳು ಶತಮಾನಗಳಿಂದ ನಿಂತಿವೆ. ಅವುಗಳೊಳಗೆ ಕಬ್ಬಿಣವಿಲ್ಲ, ತುಕ್ಕಿಗೆ ಆಹಾರವೇ ಇಲ್ಲ. ಆಗಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆರೆತಿರುವ ಕೃಷ್ಣರಾಜಸಾಗರದ ಕಟ್ಟೆಯೂ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನದು. ಆದರೆ ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಹಳೆಯ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದಕ್ಕೆ ಇದೇ ಕಾರಣ. ಕಲ್ಲಿನ ತೊಲೆಯನ್ನು ಉದ್ದ ಮಾಡಿದರೆ ನಡುವೆ ಮುರಿಯುತ್ತದೆ. ಎಳೆತ ತಾಳುವ ಕೆಲಸಕ್ಕೆ ಕಾಂಕ್ರೀಟಿನೊಳಗೆ ಕಬ್ಬಿಣ ಇಟ್ಟಾಗ ಅಗಲವಾದ ಕೋಣೆ, ಮಹಡಿ ಮೇಲೆ ಮಹಡಿ ಎಲ್ಲವೂ ಸಾಧ್ಯವಾಯಿತು. ಜೊತೆಗೆ ಕಬ್ಬಿಣದ ಕಾಯಿಲೆಯೂ ಮನೆಯೊಳಗೆ ಬಂತು.

ಹೊಸ ಕಾಂಕ್ರೀಟಿನೊಳಗೆ ಕಂಬಿ ಸುರಕ್ಷಿತವಾಗಿರುವುದು ಗಾಳಿ, ನೀರು ತಾಗದಂತೆ ಮುಚ್ಚಿರುವುದರಿಂದ ಎಂದು ಹಲವರು ಭಾವಿಸುತ್ತಾರೆ. ನಿಜವಾದ ಕಾವಲು ರಾಸಾಯನಿಕದ್ದು. ಸಿಮೆಂಟು ನೀರಿನೊಡನೆ ಕೂಡಿದಾಗ ಸುಣ್ಣದಂಥ ಕ್ಷಾರ ಹುಟ್ಟುತ್ತದೆ; ಕಾಂಕ್ರೀಟಿನ ರಂಧ್ರಗಳಲ್ಲಿನ ತೇವದ ಪಿಎಚ್ 12.5ರಿಂದ 13.5ರವರೆಗೆ ಏರುತ್ತದೆ. ಅಂಥ ಕ್ಷಾರದಲ್ಲಿ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಬೆಳೆಯುತ್ತದೆ. ಅದರ ದಪ್ಪ ಕೆಲವೇ ನ್ಯಾನೊಮೀಟರ್. ಆ ಪೊರೆ ಇರುವ ತನಕ ನೀರು, ಗಾಳಿ ಎರಡೂ ತಲುಪಿದರೂ ತುಕ್ಕು ಏಳುವುದಿಲ್ಲ.

ಪೊರೆಯನ್ನು ಕೆಡಿಸುವ ಶತ್ರುಗಳು ಇಬ್ಬರು. ಒಂದು, ಗಾಳಿಯ ಇಂಗಾಲದ ಡೈಆಕ್ಸೈಡ್. ಅದು ರಂಧ್ರಗಳ ಮೂಲಕ ಮೆಲ್ಲಗೆ ಒಳಗಿಳಿದು ಸುಣ್ಣದೊಡನೆ ಕೂಡಿ ಸುಣ್ಣಕಲ್ಲಾಗುತ್ತದೆ. ಪಿಎಚ್ 9ಕ್ಕಿಂತ ಕೆಳಗಿಳಿಯುತ್ತದೆ. ಇದಕ್ಕೆ ಕಾರ್ಬೊನೇಷನ್ ಎನ್ನುತ್ತಾರೆ. ಈ ಇಳಿತ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ, ಅದನ್ನು ಸ್ವಲ್ಪ ನಿಂತು ನೋಡಬೇಕು. ಒಂದು ಸಾಧಾರಣ ಕಾಂಕ್ರೀಟಿನಲ್ಲಿ ಅದು ಮೊದಲ ವರ್ಷ 4 ಮಿಲಿಮೀಟರ್ ಇಳಿಯಿತು ಎಂದುಕೊಳ್ಳಿ. 25 ವರ್ಷಕ್ಕೆ 20 ಮಿಲಿಮೀಟರ್, 100 ವರ್ಷಕ್ಕೆ 40 ಮಿಲಿಮೀಟರ್ ಆಗುತ್ತದೆ. ಅಂದರೆ ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆಯನ್ನು, ಮೇಸ್ತ್ರಿಗಳು ಕವರ್ ಎನ್ನುವುದನ್ನು, ಇಮ್ಮಡಿ ಮಾಡಿದರೆ ಆಯುಸ್ಸು ನಾಲ್ಕು ಪಟ್ಟಾಗುತ್ತದೆ. ಕಾಂಕ್ರೀಟ್ ಕೆಲಸದ ಐಎಸ್ 456 ಸಂಹಿತೆ ಕಂಬಗಳಿಗೆ 40 ಮಿಲಿಮೀಟರ್ ಕವರ್ ಕೇಳುವುದು ಸುಮ್ಮನೆ ಅಲ್ಲ. ಕವರ್ ಬ್ಲಾಕ್ ಕಟ್ಟದೆ ಸೆಂಟ್ರಿಂಗ್ ಹಲಗೆಗೆ ಕಂಬಿ ಒರಗಿಸಿ ಕಾಂಕ್ರೀಟ್ ಸುರಿದ ಕಡೆ ಆ ನೂರು ವರ್ಷ ಹತ್ತಕ್ಕೂ ಇಳಿದೀತು.

ಎರಡನೆಯ ಶತ್ರು ಕ್ಲೋರೈಡ್, ಉಪ್ಪಿನ ಅಂಶ. ಇದು ಕ್ಷಾರ ಇದ್ದಂತೆಯೇ ಪೊರೆಯಲ್ಲಿ ಅಲ್ಲಲ್ಲಿ ತೂತು ಕೊರೆದು ಕಂಬಿಯನ್ನು ಗುಂಡಿಗುಂಡಿಯಾಗಿ ತಿನ್ನುತ್ತದೆ. ಪಣಜಿಯ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿದಾಗ, ಕಟ್ಟಿ ಎರಡು ದಶಕವೂ ಪೂರ್ತಿ ಆಗಿರಲಿಲ್ಲ. ಒಳಗಿನ ಉಕ್ಕಿನ ಕೇಬಲ್ಲುಗಳು ತುಕ್ಕು ಹಿಡಿದಿದ್ದವು. ಕಾರವಾರ, ಮಂಗಳೂರಿನವರಿಗೆ ಈ ಭಯ ಗೊತ್ತು. ಕೋಲಾರ ಕಡಲಿನಿಂದ ದೂರ, ಮಳೆಯೂ ಕಡಿಮೆ, ಇಲ್ಲಿ ತುಕ್ಕು ಎಲ್ಲಿಂದ ಬರಬೇಕು ಎಂಬ ನಂಬಿಕೆ ನಮ್ಮ ಕಡೆ ಇದೆ. ಈ ನಂಬಿಕೆಯೇ ಅಪಾಯ.

ಏಕೆಂದರೆ ಬರಗಾಲ ಬೇರೆ ದಾರಿಯಲ್ಲಿ ಕಂಬದೊಳಗೆ ಇಳಿಯುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು; ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗಿದೆ. ಮನೆ ಕಟ್ಟುವವರು ಟ್ಯಾಂಕರ್ ನೀರಿಗೆ ದುಡ್ಡು ಎಣಿಸುವಾಗ ಮೊದಲು ಕತ್ತರಿ ಬೀಳುವುದು ಕ್ಯೂರಿಂಗಿಗೆ, ಅಂದರೆ ಹೊಸ ಕಾಂಕ್ರೀಟನ್ನು ತೇವವಾಗಿಡುವ ಕೆಲಸಕ್ಕೆ. ತಾರಸಿಯ ಮೋಲ್ಡ್ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬಹುದು, ಹಾಗಾಗಿ ಮೋಲ್ಡಿಗೆ ಹೇಗೋ ನೀರು ಸಿಗುತ್ತದೆ. ನೆಟ್ಟಗೆ ನಿಂತ ಪಿಲ್ಲರ್ ಮೇಲೆ ಎರಚಿದ ನೀರು ಗಳಿಗೆಯಲ್ಲಿ ಹರಿದು ಹೋಗುತ್ತದೆ. ಗೋಣಿಚೀಲ ಸುತ್ತಿ, ದಿನಕ್ಕೆ ಹಲವು ಸಲ ನೆನೆಸಿದರೆ ಮಾತ್ರ ಅದರ ಮೈ ತೇವವಾಗಿ ಉಳಿಯುವುದು. ಸಂಹಿತೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಕೇಳುತ್ತದೆ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಬೂದಿ ಬೆರೆತ ಪಿಪಿಸಿ. ಬಿಸಿಲಿಗೆ ಬೇಗ ಒಣಗಿದ ಕಾಂಕ್ರೀಟಿನಲ್ಲಿ ಮೇಲ್ಮೈಯ ಎರಡು ಮೂರು ಸೆಂಟಿಮೀಟರ್ ಭಾಗವೇ ಅತಿ ಹೆಚ್ಚು ಕೆಡುತ್ತದೆ, ರಂಧ್ರಮಯವಾಗುತ್ತದೆ. ಕಂಬಿಯನ್ನು ಕಾಯಬೇಕಾದ ಭಾಗವೂ ಅದೇ. ಕೆರೆಯಂಗಳದ ಮಣ್ಣು ತೊಳೆದು ತೆಗೆದ ಫಿಲ್ಟರ್ ಮರಳು ಸೇರಿದರೆ ಜೇಡಿಯೂ ಜೊತೆಗೂಡುತ್ತದೆ. ಗಾಳಿಯ ತೇವ ಶೇಕಡ 50ರಿಂದ 70ರ ನಡುವೆ ಇರುವಾಗ ಕಾರ್ಬೊನೇಷನ್ ಅತಿ ವೇಗ. ಬಯಲುಸೀಮೆಯ ವರ್ಷದ ಬಹುಪಾಲು ಅದಕ್ಕೆ ಅನುಕೂಲವಾದದ್ದೇ.

ನೀರಿನ ಗುಣದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ನಮ್ಮ ನೀರಿನಲ್ಲಿ ಫ್ಲೋರೈಡ್ ಇದೆ, ನೀರು ಗಡಸು, ಅದಕ್ಕೇ ಕಂಬಿ ತಿನ್ನುತ್ತಿದೆ ಎನ್ನುತ್ತಾರೆ. ಫ್ಲೋರೈಡ್ ಹಲ್ಲಿಗೂ ಮೂಳೆಗೂ ಕೆಡುಕು ಮಾಡುತ್ತದೆ, ಕಂಬಿಯ ವಿಷಯದಲ್ಲಿ ಅದು ಆರೋಪಿಯಲ್ಲ. ಗಡಸುತನವೂ ಅಲ್ಲ. ನೋಡಬೇಕಾದದ್ದು ಕ್ಲೋರೈಡನ್ನು. ಕಬ್ಬಿಣವಿರುವ ಕಾಂಕ್ರೀಟಿಗೆ ಬೆರೆಸುವ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಸಂಹಿತೆ. ಲೆಕ್ಕ ಹಾಕಿ: ಒಂದು ಘನ ಮೀಟರ್ ಕಾಂಕ್ರೀಟಿಗೆ 180 ಲೀಟರ್ ನೀರು ಹಿಡಿದರೆ, ಮಿತಿಯಷ್ಟು ಉಪ್ಪಿದ್ದ ನೀರಿನಿಂದ ಬರುವುದು 90 ಗ್ರಾಂ. ಸಿಮೆಂಟು, ಮರಳು, ಜಲ್ಲಿ ಎಲ್ಲ ಸೇರಿ ಇರಬಹುದಾದ ಒಟ್ಟು ಮಿತಿ 600 ಗ್ರಾಂ. ಹಾಗಾಗಿ ಬೋರ್ ನೀರೊಂದನ್ನೇ ದೂರುವುದು ಸರಿಯಲ್ಲ ಎಂಬುದು ನನ್ನ ತೀರ್ಮಾನ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಯಾವ ಮೂಲದ ನೀರೇ ಆಗಲಿ, ಒಂದು ಬಾಟಲಿ ಲ್ಯಾಬಿಗೆ ಕೊಟ್ಟು ನೋಡಿದರೆ ಊಹೆಗೆ ಜಾಗವಿರುವುದಿಲ್ಲ.

ಗಡಸು ನೀರು ಹಿಂಬಾಗಿಲಿನಿಂದ ತೊಂದರೆ ತರುವುದುಂಟು. ಬಚ್ಚಲಿನ ಟೈಲ್ಸ್ ಮೇಲೆ ಅದು ಬಿಳಿ ಕರೆ ಕಟ್ಟುತ್ತದೆ. ಕರೆ ತೆಗೆಯಲು ಆಸಿಡ್ ಸುರಿಯುತ್ತೇವೆ. ಆ ಆಸಿಡ್ ಹೈಡ್ರೊಕ್ಲೋರಿಕ್ ಆಮ್ಲ: ಅದರ ಆಮ್ಲ ಸಿಮೆಂಟಿನ ಕ್ಷಾರವನ್ನು ತಿನ್ನುತ್ತದೆ, ಅದರ ಕ್ಲೋರೈಡ್ ಟೈಲ್ಸ್ ಸಂದಿಯಲ್ಲಿ ಇಳಿದು ಪಕ್ಕದ ಪಿಲ್ಲರ್ ಸೇರುತ್ತದೆ. ಎರಡೂ ಶತ್ರುಗಳನ್ನು ಒಂದೇ ಬಾಟಲಿಯಲ್ಲಿ ಕೊಂಡು ತಂದಂತಾಯಿತು. ಬಚ್ಚಲಿಗೆ ತಾಗಿದ ಕಂಬ, ಸಂಪಿನ ಪಕ್ಕದ ಕಂಬ, ಓವರ್‌ಹೆಡ್ ಟ್ಯಾಂಕ್ ಹೊತ್ತ ಕಂಬ, ಇವನ್ನೇ ಮೊದಲು ತಟ್ಟಿ ನೋಡಬೇಕು.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಂಬಿಯ ಮೈ ಮಿಲಿಮೀಟರಿನ ನೂರನೆಯ ಕೆಲವೇ ಭಾಗ ಸವೆದರೂ ಸಾಕು, ಆ ಉಬ್ಬರಕ್ಕೆ ಕವರ್ ಸೀಳುತ್ತದೆ. ಕಂಬದ ಮೂಲೆಗುಂಟ ನೆಟ್ಟಗೆ ಮೇಲಿನಿಂದ ಕೆಳಗೆ ಓಡುವ ಬಿರುಕು ಇದರ ಗುರುತು. ಕಾರ್ಬೊನೇಷನ್ನಿನಿಂದ ಹುಟ್ಟಿದ ತುಕ್ಕಾದರೆ ಆ ಹೊತ್ತಿಗೆ ಕಂಬಿ ಇನ್ನೂ ಬಹುಪಾಲು ಉಳಿದಿರುತ್ತದೆ, ಅದು ಕಟ್ಟಡ ನಮಗೆ ಕೊಡುವ ಸಕಾಲದ ಎಚ್ಚರಿಕೆ. ಆದರೆ ಎಲ್ಲರೂ ದಪ್ಪ ಕಂಬಿಯನ್ನೇ ನೋಡುತ್ತಾರೆ. ನಾನು ಹೆಚ್ಚು ಅಂಜುವುದು ಅದನ್ನು ಸುತ್ತಿ ಕಟ್ಟಿದ ರಿಂಗಿಗೆ. ರಿಂಗು ಎಲ್ಲಕ್ಕಿಂತ ಹೊರಗಿರುತ್ತದೆ, ಎಲ್ಲಕ್ಕಿಂತ ತೆಳುವಾಗಿರುತ್ತದೆ. 12 ಮಿಲಿಮೀಟರಿನ ಕಂಬಿ ಸವೆದು 10 ಆದರೆ ಅದರ ಅಡ್ಡಕೊಯ್ತದ ಶೇಕಡ 31 ಹೋಗುತ್ತದೆ. ಅಷ್ಟೇ ತುಕ್ಕಿಗೆ 8 ಮಿಲಿಮೀಟರಿನ ರಿಂಗು 6 ಆಗಿ ಶೇಕಡ 44 ಕಳೆದುಕೊಳ್ಳುತ್ತದೆ. ರಿಂಗು ಕಡಿದ ಕಡೆ ಭಾರ ಹೊತ್ತ ಉದ್ದದ ಕಂಬಿ ಹೊರಕ್ಕೆ ಬಾಗುತ್ತದೆ, ಒಳಗಿನ ಕಾಂಕ್ರೀಟ್ ಪುಡಿಯಾಗಿ ಚೆಲ್ಲುತ್ತದೆ. ಇಂಥ ಕುಸಿತ ಮುನ್ಸೂಚನೆ ಕೊಡುವುದಿಲ್ಲ.

ಕವರ್ ಉದುರುವುದೂ ಬರೀ ಅಂದಗೇಡಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾದ 230 × 300 ಮಿಲಿಮೀಟರ್, ಅಂದರೆ 9 × 12 ಇಂಚಿನ ಪಿಲ್ಲರ್ ತೆಗೆದುಕೊಳ್ಳಿ. ಸುತ್ತಲೂ 20 ಮಿಲಿಮೀಟರ್ ಉದುರಿದರೆ ಉಳಿಯುವುದು 190 × 260. ಕಾಂಕ್ರೀಟಿನ ಶೇಕಡ 28 ಹೋಯಿತು. ಇಂಥ ಕಂಬದಲ್ಲಿ ಭಾರದ ಹೆಚ್ಚಿನ ಪಾಲನ್ನು ಕಾಂಕ್ರೀಟೇ ಹೊರುತ್ತದೆ, ಕಂಬಿಯಲ್ಲ.

ಮೆತ್ತುವುದೇಕೆ ಕೆಲಸಕ್ಕೆ ಬಾರದು ಎಂಬುದು ಈಗ ಸ್ಪಷ್ಟವಾಗಬೇಕು. ಹೊಸ ಗಾರೆಯ ಹಿಂದೆ ಕ್ಷಾರ ಕಳೆದುಕೊಂಡ ಹಳೆಯ ಕಾಂಕ್ರೀಟ್ ಹಾಗೇ ಉಳಿದಿರುತ್ತದೆ, ಕಂಬಿಯ ಮೇಲೆ ತುಕ್ಕು ಹಾಗೇ ಇರುತ್ತದೆ, ನೀರೂ ಬರುತ್ತಲೇ ಇರುತ್ತದೆ. ಕೆಲವು ಮಳೆಗಾಲ ಕಳೆದು ಗಾರೆಯ ಪದರ ದಬ್ಬಿಸಿಕೊಂಡು ಬಿದ್ದಾಗ ಒಳಗೆ ಕಂಬಿ ಅರ್ಧವಾಗಿರುತ್ತದೆ.

ಸರಿಯಾದ ಕೆಲಸ ರೋಗ ಎಲ್ಲಿಯವರೆಗೆ ಹೋಗಿದೆ ಎಂದು ಅಳೆಯುವುದರಿಂದ ಆರಂಭವಾಗುತ್ತದೆ. ಕಂಬದಲ್ಲಿ ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಕಡೆ ಕಾಂಕ್ರೀಟ್ ಗಾಢ ಗುಲಾಬಿಯಾಗುತ್ತದೆ. ಬಣ್ಣ ತಾಳದ ಭಾಗ ಸತ್ತ ಭಾಗ. ಗುಲಾಬಿ ಗೆರೆ ಕಂಬಿಯ ಹಿಂದಿದೆಯೋ ಮುಂದಿದೆಯೋ ಎಂಬುದು ಮುಂದಿನ ಖರ್ಚನ್ನೆಲ್ಲ ನಿರ್ಧರಿಸುತ್ತದೆ. ಒಡೆಯದ ಕಡೆ ತಾಮ್ರ ಮತ್ತು ತಾಮ್ರದ ಸಲ್ಫೇಟಿನ ವಿದ್ಯುದ್ವಾರವನ್ನು ಕಂಬದ ಮೈಗೆ ಒತ್ತಿ ವೋಲ್ಟೇಜ್ ನೋಡುತ್ತಾರೆ. ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿದ್ದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಂಭವ ಶೇಕಡ 90ಕ್ಕೂ ಹೆಚ್ಚು. ಮೈನಸ್ 200ಕ್ಕಿಂತ ಮೇಲಿದ್ದರೆ ಅಷ್ಟೇ ಖಚಿತವಾಗಿ ಇಲ್ಲವೆನ್ನಬಹುದು. ನಡುವೆ ಬಂದರೆ ಒಡೆದೇ ನೋಡಬೇಕು.

ಆಮೇಲೆ ಊರೆ. ಮೂರಂತಸ್ತಿನ ಮನೆಯ ನಡುವಿನ ಪಿಲ್ಲರ್ ಮೇಲೆ ಮೂವತ್ತು, ನಲವತ್ತು ಟನ್ ಭಾರ ಇರಬಹುದು. ಮೋಲ್ಡ್ ಹಾಕುವಾಗ ಕೊಡುವ ಸರ್ವೆ ಗಳ ಇದಕ್ಕೆ ಸಾಲದು. ಉಕ್ಕಿನ ಪ್ರಾಪ್ ಮತ್ತು ಜಾಕಿಗಳನ್ನು ತೊಲೆಗಳಡಿ ಕೊಟ್ಟು, ಒಂದೊಂದು ಮಹಡಿಯಲ್ಲೂ ಒಂದರ ಮೇಲೊಂದು ನೇರವಾಗಿ ಬರುವಂತೆ ನಿಲ್ಲಿಸಿ, ಭಾರವನ್ನು ನೆಲಕ್ಕೆ ಇಳಿಸಬೇಕು. ಒಂದು ಸಲಕ್ಕೆ ಒಂದೇ ಕಂಬ. ಇದರಲ್ಲಿ ರಾಜಿ ಮಾಡಿಕೊಂಡ ಗುತ್ತಿಗೆದಾರರನ್ನು ಆ ಕ್ಷಣವೇ ನಿಲ್ಲಿಸಿ. ಊರೆಯ ಇನ್ನೊಂದು ಉಪಯೋಗ ಅನೇಕರಿಗೆ ಹೊಳೆಯುವುದಿಲ್ಲ. ಭಾರ ಇಳಿಸದೆ ಹಳೆಯ ಕಂಬದ ಸುತ್ತ ಹೊಸ ಕಾಂಕ್ರೀಟ್ ಹಾಕಿದರೆ, ಈಗಿರುವ ಭಾರವನ್ನೆಲ್ಲ ಹಳೆಯ ಕಂಬವೇ ಹೊತ್ತಿರುತ್ತದೆ. ಹೊಸದು ಮುಂದೆ ಬರುವ ಭಾರದಲ್ಲಷ್ಟೇ ಪಾಲು ತೆಗೆದುಕೊಳ್ಳುತ್ತದೆ.

ಸಡಿಲ ಕಾಂಕ್ರೀಟನ್ನು ತೆಗೆಯುವಾಗ ಕಂಬಿಯ ಮುಂಭಾಗ ಕಂಡ ಕೂಡಲೇ ನಿಲ್ಲಿಸುವುದು ಸಾಮಾನ್ಯ ತಪ್ಪು. ಕಂಬಿಯ ಹಿಂದೆ ಬೆರಳು ತೂರುವಷ್ಟು, ಸುಮಾರು 20ರಿಂದ 25 ಮಿಲಿಮೀಟರ್ ಬಿಡಿಸಬೇಕು; ಹೊಸ ಕಾಂಕ್ರೀಟ್ ಕಂಬಿಯನ್ನು ಸುತ್ತಲೂ ಅಪ್ಪಿಕೊಳ್ಳಬೇಕು. ತುಕ್ಕನ್ನು ವೈರ್ ಬ್ರಷ್ಷಿನಿಂದಲೋ ಮರಳು ಊದಿಯೋ ಬರಿಯ ಲೋಹ ಕಾಣುವವರೆಗೆ ತೆಗೆಯಬೇಕು. ಕಾಲು ಭಾಗದಷ್ಟು ಸವೆದ ಕಂಬಿಯ ಪಕ್ಕದಲ್ಲಿ ಹೊಸ ಕಂಬಿ ಕೂರಿಸಬೇಕು, ಕಡಿದ ರಿಂಗುಗಳನ್ನು ಬದಲಿಸಬೇಕು. ಹಳೆಯದಕ್ಕೂ ಹೊಸದಕ್ಕೂ ಬೆಸುಗೆಯಾಗಲೆಂದು ಬಳಿಯುವ ಎಪಾಕ್ಸಿ ಅಂಟು ಹಸಿಯಿರುವಾಗಲೇ ಕಾಂಕ್ರೀಟ್ ಬೀಳಬೇಕು. ಅಂಟು ಒಣಗಿದ ಮೇಲೆ ಸುರಿದರೆ ಅದೇ ಜಾರುವ ಪದರವಾಗುತ್ತದೆ.

ಕ್ಲೋರೈಡ್ ಸೇರಿದ ಕಂಬದಲ್ಲಿ ಇನ್ನೊಂದು ತೊಡಕಿದೆ. ಒಂದು ತೇಪೆ ಹಾಕಿದ ಜಾಗದಲ್ಲಿ ತುಕ್ಕು ನಿಂತು, ತೇಪೆಯ ಅಂಚಿನಾಚೆ ಹೊಸದಾಗಿ ಶುರುವಾಗುತ್ತದೆ. ತುಕ್ಕು ಹಿಡಿಯುತ್ತಿದ್ದ ಭಾಗ ಅಲ್ಲಿಯವರೆಗೆ ಪಕ್ಕದ ಕಂಬಿಯನ್ನು ವಿದ್ಯುತ್ ರೀತಿಯಲ್ಲಿ ಕಾಯುತ್ತಿತ್ತು. ಅದನ್ನು ಸರಿಪಡಿಸಿದಾಗ ಆ ಕಾವಲು ಹೋಗಿ ಪಕ್ಕದ್ದೇ ಬಲಿಯಾಗುತ್ತದೆ. ಇದಕ್ಕಾಗಿ ತೇಪೆಯ ಅಂಚಿನಲ್ಲಿ ಸತುವಿನ ಸಣ್ಣ ಬಿಲ್ಲೆಗಳನ್ನು ಕಂಬಿಗೆ ಕಟ್ಟುತ್ತಾರೆ. ಕಬ್ಬಿಣದ ಬದಲು ಸತು ಕರಗುತ್ತದೆ.

ಇಷ್ಟೆಲ್ಲ ಕಂಬವನ್ನು ಮೊದಲಿನ ಸ್ಥಿತಿಗೆ ತರುವ ಕೆಲಸ. ಬಲ ಸೇರಿಸಬೇಕಾದರೆ ಸುತ್ತಲೂ ಜಾಕೆಟ್ ಹಾಕಬೇಕು. ಹಳೆಯ ಕಾಂಕ್ರೀಟ್ ಕಟ್ಟಡಗಳನ್ನು ಭೂಕಂಪಕ್ಕೆ ಬಲಪಡಿಸುವ ಐಎಸ್ 15988:2013 ಮಾರ್ಗಸೂಚಿ ಕನಿಷ್ಠ 100 ಮಿಲಿಮೀಟರ್ ದಪ್ಪ, ಹಳೆಯದಕ್ಕಿಂತ ಹೆಚ್ಚು ಗಟ್ಟಿ ಕಾಂಕ್ರೀಟ್, 135 ಡಿಗ್ರಿ ಒಳಕ್ಕೆ ಮಡಿಸಿದ ರಿಂಗುಗಳನ್ನು ಕೇಳುತ್ತದೆ. ನಮ್ಮ 230 × 300ರ ಪಿಲ್ಲರ್ ಆಗ 430 × 500 ಆಗುತ್ತದೆ. ವಿಸ್ತೀರ್ಣ ಮೂರು ಪಟ್ಟು. ಬಿಗಿತ ಎಂಟು ಪಟ್ಟಿಗೂ ಮಿಗಿಲು. ಈ ಎರಡನೆಯ ಸಂಖ್ಯೆಯ ಬಗ್ಗೆ ಎಚ್ಚರ ಬೇಕು. ಭೂಮಿ ನಡುಗಿದಾಗ ಬಿಗಿಯಾದ ಕಂಬವೇ ಹೆಚ್ಚು ಬಲವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಒಂದು ಮೂಲೆಯ ಒಂದೇ ಕಂಬವನ್ನು ದಪ್ಪ ಮಾಡಿದರೆ ಕಟ್ಟಡ ತಿರುಚಿಕೊಳ್ಳುತ್ತದೆ. ಹಾಗಾಗಿ ಲೆಕ್ಕ ಇಡೀ ಮನೆಯದಾಗಬೇಕು. ಜಾಕೆಟ್ ಪಾಯದಿಂದಲೇ ಏಳಬೇಕು, ಅದರ ಕಂಬಿಗಳು ಮೋಲ್ಡ್ ತೂರಿ ಮೇಲಿನ ಮಹಡಿಗೆ ಹೋಗಬೇಕು. ನೆಲದ ಟೈಲ್ಸ್ ಮೇಲೆ ಹುಟ್ಟಿ ತೊಲೆಯ ಕೆಳಗೆ ಮುಗಿಯುವ ಜಾಕೆಟ್ ಕಂಬಕ್ಕೆ ತೊಡಿಸಿದ ಬಟ್ಟೆ ಮಾತ್ರ.

ಜಾಗ ಇಲ್ಲದ ಕಡೆ ಸುತ್ತುಕಟ್ಟಿನ ಉಪಾಯ ಇದೆ. ಎತ್ತಿನ ಗಾಡಿಯ ಗಾಲಿಗೆ ಕಮ್ಮಾರ ಕಾಯಿಸಿ ತೊಡಿಸುವ ಕಬ್ಬಿಣದ ಪಟ್ಟಿ ಮರದ ತುಂಡುಗಳನ್ನು ಬಿಗಿಹಿಡಿಯುವಂತೆ, ಕಾಂಕ್ರೀಟನ್ನು ಪಕ್ಕಕ್ಕೆ ಉಬ್ಬದಂತೆ ಬಿಗಿದರೆ ಅದು ಹೆಚ್ಚು ಭಾರ ತಾಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಅರ್ಮಾಂದ್ ಕಾನ್ಸಿದೆರ್ ಇದನ್ನು ತೋರಿಸಿದ. 1928ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಿಚರ್ಟ್ ಮತ್ತು ಸಂಗಡಿಗರು ಅಳೆದು ಹೇಳಿದರು: ಪಕ್ಕದಿಂದ ಒಂದು ಪಾಲು ಒತ್ತಿದರೆ ಕಾಂಕ್ರೀಟ್ ನೆಟ್ಟಗೆ ತಾಳುವ ಒತ್ತಡ ಸುಮಾರು ನಾಲ್ಕು ಪಾಲು ಏರುತ್ತದೆ. ನಾಲ್ಕು ಮೂಲೆಗೆ ಉಕ್ಕಿನ ಆ್ಯಂಗಲ್ ಕೊಟ್ಟು ಅಡ್ಡಪಟ್ಟಿ ಬೆಸೆಯುವುದು, ಎಪಾಕ್ಸಿಯಲ್ಲಿ ಅದ್ದಿದ ಕಾರ್ಬನ್ ನಾರಿನ ಬಟ್ಟೆ ಸುತ್ತುವುದು, ಎರಡೂ ಇದೇ ತತ್ತ್ವದವು. ಕಾರ್ಬನ್ ಬಟ್ಟೆ ಕೆಲವೇ ಮಿಲಿಮೀಟರ್ ದಪ್ಪ, ಆದರೆ ಅದಕ್ಕೆ ದುಂಡು ಕಂಬ ಇಷ್ಟ. ಚೌಕ ಕಂಬದಲ್ಲಿ ಒತ್ತು ಮೂಲೆಗಳಲ್ಲೇ ಬೀಳುವುದರಿಂದ ಅವನ್ನು ಉಜ್ಜಿ ದುಂಡಗೆ ಮಾಡಬೇಕು, ಆದರೂ ಪೂರ್ತಿ ಫಲವಿಲ್ಲ. ಬೆಂಕಿ ಬಿದ್ದರೆ ಎಪಾಕ್ಸಿ ಬೇಗ ಮೆತ್ತಗಾಗುತ್ತದೆ. ಮೇಲೆ ರಕ್ಷಣೆಯ ಪದರ ಬೇಕು. ಒಳಗಿನ ತುಕ್ಕು ತೆಗೆಯದೆ ಸುತ್ತಿದರಂತೂ ಅದು ದುಬಾರಿ ಮೆತ್ತುಗೆ, ಅಷ್ಟೇ. ಸಾಮಾನ್ಯ ಮನೆಗೆ, ಕೈಗೆ ಸಿಗುವ ಕೆಲಸಗಾರರನ್ನು ನೆನೆದರೆ, ನಾನು ಕಾಂಕ್ರೀಟ್ ಜಾಕೆಟ್ಟನ್ನೇ ಆರಿಸುತ್ತೇನೆ. ಆದರೆ ಆ ಹೊಸ ಕಾಂಕ್ರೀಟಿಗೂ ಗೋಣಿಚೀಲ, ಹತ್ತು ದಿನದ ನೀರು ಬೇಕು. ನೀರು ಸಾಲದೆ ಕೆಟ್ಟ ಕಂಬವನ್ನು ಮತ್ತೆ ನೀರು ಕೊಡದೆ ದುರಸ್ತಿ ಮಾಡಬಾರದು.

ನಿಮ್ಮ ಮನೆಯಲ್ಲಿ ಇಂಥ ಕೆಲಸ ನಡೆದರೆ ಒಂದು ಮಾತು ನಡೆಸಿಕೊಡಿ. ಕಂಬಿ ಬಿಡಿಸಿದ ದಿನ, ಹೊಸ ರಿಂಗು ಕಟ್ಟಿದ ದಿನ, ಸೆಂಟ್ರಿಂಗ್ ಮುಚ್ಚುವ ಮುಂಚೆ, ಪ್ರತಿ ಕಂಬದ ನಾಲ್ಕೂ ಮುಖಗಳ ಫೋಟೊ ತೆಗೆಸಿ. ಎಷ್ಟು ಕಂಬಿ, ಯಾವ ಗಾತ್ರ, ಎಷ್ಟು ಅಂತರದ ರಿಂಗು, ಯಾವ ದಿನಾಂಕ ಎಂಬುದನ್ನು ಎಂಜಿನಿಯರಿಂದ ಒಂದು ಹಾಳೆಯಲ್ಲಿ ಬರೆಸಿ, ಸಹಿ ಹಾಕಿಸಿ, ಮನೆಯ ಪತ್ರಗಳ ಜೊತೆ ಇಡಿ. ಮುಂದೆ ಇನ್ನೊಂದು ಮಹಡಿ ಎತ್ತಲು ಹೊರಡುವ ಮಕ್ಕಳಿಗೆ ಆ ಹಾಳೆ ಬೇಕಾಗುತ್ತದೆ.